ನಮ್ಮಮ್ಮ ಆಡೋದೆಲ್ಲ ಬ್ಲೂಸು

ಇವತ್ತು ಭಾನುವಾರ ಅಂತ ಬೆಳಿಗ್ಗೇನೇ ಗಿಟಾರ್ ಹಿಡ್ಕೊಂಡು ಹಾಲ್‌ನಲ್ಲಿ ಕೂತಿದ್ದೆ. ಅಡುಗೆಮನೆಯಿಂದ ಅಮ್ಮ ಬಗ್ಗಿ ನೋಡಿ, "ಯಾರು ಸತ್ರು ಅಂತ ಹಿಂಗೆ ರಾಗ ಎಳೀತಿದೀಯೆ?" ಅಂದ್ಲು.

ನಲವತ್ತೊಂದನೇ ವಯಸ್ಸಿಗೆ ಯೂಟ್ಯೂಬ್ ನೋಡ್ಕೊಂಡು ಬ್ಲೂಸ್ ಕಲೀತಿರೋ ಹೊಸದುರ್ಗದ ಏಕೈಕ ಗಣಿತದ ಮೇಡಂ ನಾನು. ಮರ್ಯಾದೆ ಇಷ್ಟೇ ಸಿಗೋದು ಬಿಡಿ.

ಆದ್ರೂ ಸೋಲಲಿಲ್ಲ. ಅವಳನ್ನೇ ಕೂರಿಸ್ಕೊಂಡು ಪಾಠ ಶುರು ಮಾಡಿದೆ.

ಇದು ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನ, ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡಮ್ಮ. ಒಂದು ಸಾಲು ಹೇಳ್ತಾರೆ, ಅದನ್ನೇ ಇನ್ನೊಂದ್ಸಲ ಹೇಳ್ತಾರೆ, ಮೂರನೇ ಸಾಲಲ್ಲಿ ಹೊಟ್ಟೆಯೊಳಗಿರೋದು ಹೊರಗೆ ಬರುತ್ತೆ ಅಂದೆ.

ಅಮ್ಮ ಅವರೇಕಾಯಿ ಬಿಡಿಸ್ತಾ ಕೇಳಿದ್ಲು. "ಹತ್ತಿ ನಾವೂ ಬಿಡ್ಸಿದೀವಿ. ನಾನೊಂದು ಸಾಲು, ನಿಮ್ಮ ಚಿಕ್ಕಮ್ಮ ಒಂದು ಸಾಲು. ನಮಗ್ಯಾರೂ ಗಿಟಾರ್ ಕೊಡ್ಲಿಲ್ಲ."

ಚಿಕ್ಕಮ್ಮ ಅನ್ನೋ ಪದ ತನ್ನ ಬಾಯಿಂದಾನೇ ಬಂತಲ್ಲ ಅಂತ ತಾನೇ ಮುಖ ಗಂಟು ಹಾಕ್ಕೊಂಡ್ಲು. ಅಕ್ಕ ತಂಗಿಗೆ ಎರಡು ವರ್ಷದಿಂದ ಮಾತಿಲ್ಲ.

ಹಿರಿಯೂರಿನ ಹತ್ರ ಆದಿವಾಲದಲ್ಲಿ ಚಿಕ್ಕಮ್ಮ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಾರ್ಡ್ ಕಳಿಸಿದ್ಲು. ಅಮ್ಮನಿಗೂ ಅದೇ ಕಾರ್ಡ್. ಒಡಹುಟ್ಟಿದ ಅಕ್ಕನ್ನ ಮನೆಗೆ ಬಂದು ಕುಂಕುಮ ಇಟ್ಟು ಕರೀಬೇಕು ತಾನೇ? ಅಮ್ಮ ಹೋಗಲಿಲ್ಲ. ಅಲ್ಲಿಗೆ ಕಟ್.

ಈಗ ಆ ಕಥೆ ಶುರುವಾಯ್ತು. ವಾರಕ್ಕೆ ನಾಲ್ಕು ಸಲ ಆಗುತ್ತೆ ಅದು. ಶುರುವಾದ ತಕ್ಷಣ ನನ್ನ ಗಂಡ ಹಾಲು ತರೋಕೆ ಹೋಗ್ತಾರೆ, ನಮ್ಮನೇಲಿ ಹಾಲಿಗೆ ಯಾವತ್ತೂ ಕೊರತೆ ಇಲ್ಲ.

"ಕುಂಕುಮ ಇಟ್ಟು ಕರೀಲಿಲ್ಲ ಕಣೆ... ನನ್ನ ತಂಗಿ ಕುಂಕುಮ ಇಟ್ಟು ಕರೀಲಿಲ್ಲ... ಊರೋರಿಗೆಲ್ಲ ಕಳ್ಸಿದ್ದನ್ನೇ ನನಗೂ ಕಳ್ಸಿದ್ಲು."

ನನ್ನ ಕೈ ತಂತಿ ಮೇಲೇ ನಿಂತ್ಹೋಯ್ತು.

ಅಯ್ಯೋ ಶಿವನೇ! ಒಂದು ಸಾಲು, ಮತ್ತೆ ಅದೇ ಸಾಲು, ಮೂರನೇದರಲ್ಲಿ ಸಂಕಟ. ನಾನು ಆರು ತಿಂಗಳಿಂದ ಒದ್ದಾಡ್ತಿರೋದನ್ನ ಈಯಮ್ಮ ಅವರೇಕಾಯಿ ಬಿಡಿಸ್ತಾ ಹೇಳಿ ಮುಗಿಸಿದ್ಲು!

ನೆನೆಸ್ಕೊಂಡ್ರೆ ಎಲ್ಲಾ ಹಂಗೇ. "ನೀರು ಬಿಡ್ಲಿಲ್ಲ, ಇವತ್ತೂ ನೀರು ಬಿಡ್ಲಿಲ್ಲ, ನೀರು ಬಿಡೋನು ಮಾತ್ರ ಟೀ ಕುಡ್ದು ಹೋದ." ಅದೂ ಬ್ಲೂಸೇ.

ಸುಮ್ನೆ ರೇಗಿಸಾಣ ಅಂತ ಅವಳ ಮಾತನ್ನ ಹಾಗೇ ಗಿಟಾರ್‌ಗೆ ಹಾಕಿ ಹಾಡಿದೆ. ಥೇಟ್ ಅವಳ ಥರಾನೇ ಮೂಗಲ್ಲಿ ಎಳೆದು.

ಮೊದಲು ನಕ್ಕಳು. "ಥೂ, ಹೋಗೆ" ಅಂತ ಸಿಪ್ಪೆ ತೆಗೆದು ನನ್ನ ಮೇಲೆ ಎಸೆದ್ಲು.

ಆಮೇಲೆ ನಗು ನಿಂತುಬಿಡ್ತು. "ಇನ್ನೊಂದ್ಸಲ ಹಾಡು" ಅಂದ್ಲು.

ಹಾಡಿದೆ. ಈ ಸಲ ರೇಗಿಸೋಕೆ ಆಗಲಿಲ್ಲ. ಅಮ್ಮನ ಕಣ್ಣು ತುಂಬಿತ್ತು, ನನ್ನದೂ.

ಎರಡು ವರ್ಷ ನಾವೆಲ್ಲ ಇದನ್ನ ದೂರು ಅಂತಲೇ ಕೇಳಿಸ್ಕೊಂಡಿದ್ವಿ... ಅವಳು ತಂಗೀನ ನೆನೆಸ್ಕೊಂಡು ಅಳ್ತಿದಾಳೆ ಅಂತ ಒಬ್ರಿಗೂ ಹೊಳೀಲಿಲ್ಲ. ಎಲ್ಲೋ ದೂರದ ಹೊಲದಲ್ಲಿ, ಹೆಸರೂ ಗೊತ್ತಿಲ್ಲದೋರು ಹಾಡಿದ್ದು ಇವತ್ತಿಗೂ ಯಾಕೆ ಎದೆಗೆ ನಾಟುತ್ತೆ ಅಂತ ಆಗ ಗೊತ್ತಾಯ್ತು. ದುಃಖಾನ ಒಂದ್ಸಲ ಹೇಳಿದ್ರೆ ಯಾರೂ ಕೇಳಿಸ್ಕೊಳಲ್ಲ.

"ಏನೋ ಒಂಥರಾ ಹಗುರ ಆಯ್ತು" ಅಂದ್ಲು. ಸೆರಗಲ್ಲಿ ಮುಖ ಒರೆಸ್ಕೊಂಡು, ಗೋಡೆ ನೋಡ್ಕೊಂಡು, "ಅವಳಿಗೂ ಕಳ್ಸು. ನಾನು ಹೇಳ್ದೆ ಅನ್ಬೇಡ."

ಹಾಡಿನ ತುಂಬಾ ಇವಳದೇ ಮಾತು. ಆದ್ರೂ ಇವಳು ಹೇಳಿದ್ದು ಅನ್ನಬಾರದಂತೆ!

ರೆಕಾರ್ಡ್ ಮಾಡಿ ಕಳಿಸಿದೆ. ಚಿಕ್ಕಮ್ಮ ಕೇಳಿಸ್ಕೊಂಡಿದ್ದು ವಾಟ್ಸಾಪ್‌ನ ನೀಲಿ ಗುರುತಲ್ಲಿ ಗೊತ್ತಾಯ್ತು, ಉತ್ತರ ಮಾತ್ರ ಇಲ್ಲ. ಊಟದ ಹೊತ್ತಾಯ್ತು, ಇಲ್ಲ. ಅಮ್ಮ ಮುದ್ದೆ ಅರ್ಧಕ್ಕೇ ಬಿಟ್ಲು.

"ಅಲ್ಲಿ ಟವರ್ ಸರಿ ಇರಲ್ಲ" ಅಂತ ತಾನೇ ಸಮಾಧಾನ ಹೇಳ್ಕೊಂಡ್ಲು. ಬೆಳಿಗ್ಗೆವರೆಗೂ ತಂಗಿ ಹೆಸರೆತ್ತಿದ್ರೆ ಉರಿದು ಬೀಳ್ತಿದ್ದೋಳು ಈಗ ಅವಳ ಪರ ವಕೀಲಿಕೆ! ಚಿಕ್ಕಮ್ಮ ಕೇಳಿಸ್ಕೊಂಡಿದಾಳೆ ಅಂತ ಹೇಳೋಕೆ ನನಗೆ ಧೈರ್ಯ ಬರಲಿಲ್ಲ.

ಮೂರು ಗಂಟೆಗೆ ವಾಯ್ಸ್ ಮೆಸೇಜ್ ಬಂತು. ರಾಗ ಇಲ್ಲ, ತಾಳ ಇಲ್ಲ. ಹಿಂದೆ ಎಲ್ಲೋ ಕುರಿ ಅರಚ್ತಿದೆ, ಮುಂದೆ ಚಿಕ್ಕಮ್ಮನ ದನಿ.

"ಅಕ್ಕ ಬರ್ಲಿಲ್ಲ ಕಣವ್ವ... ನಮ್ಮಕ್ಕ ಬರ್ಲೇ ಇಲ್ಲ... ಅವಳಿಗಂತ ತಂದ ಸೀರೆ ಇನ್ನೂ ಬೀರುನಾಗೇ ಐತೆ."

ಅಮ್ಮ ಫೋನ್ ಕಿವಿಗಿಟ್ಕೊಂಡು ಮತ್ತೆ ಮತ್ತೆ ಕೇಳಿದ್ಲು.

ಆಮೇಲೆ ಮೂಗು ಒರೆಸ್ಕೊಂಡು, "ಯಾವ ಬಣ್ಣ ಅಂತ ಕೇಳು" ಅಂದ್ಲು.

ಕೇಳಿದೆ. ತಕ್ಷಣ ಉತ್ತರ ಬಂತು: "ಬಂದು ನೋಡು ಅನ್ನು."

"ಎಷ್ಟು ಕೊಬ್ಬು ನೋಡು ಅವಳಿಗೆ!" ಅಂತ ಬೈಕೊಂಡೇ ಅಮ್ಮ ಎದ್ಲು. ಬೈಕೊಂಡೇ ತಲೆ ಬಾಚಿದ್ಲು, ಬೈಕೊಂಡೇ ಅವರೇಕಾಳನ್ನ ಕವರಿಗೆ ತುಂಬಿದ್ಲು. "ನಡಿ, ಹೋಗಾಣ. ನಾಲ್ಕಕ್ಕೆ ಹಿರಿಯೂರು ಬಸ್ಸೈತೆ."

ಈಗ ಬಸ್ಸಲ್ಲೇ ಕೂತು ಇದನ್ನ ಬರೀತಿದೀನಿ. ಪಕ್ಕದಲ್ಲಿ ಅಮ್ಮ, ಅವಳ ಮಡಿಲಲ್ಲಿ ಅವರೇಕಾಳು.

"ಬಸ್ಸು ನಿಧಾನ ಹೋಗ್ತೈತೆ... ಈ ಬಸ್ಸು ಭಾಳ ನಿಧಾನ ಹೋಗ್ತೈತೆ..." ಅಂತ ಎರಡು ಸಾಲು ಆಗಿದೆ. ಮೂರನೇದಕ್ಕೆ ಕಾಯ್ತಿದೀನಿ.

ನಿಮ್ಮನೇಲಿ ಒಂದೇ ಮಾತನ್ನ ಎರಡೆರಡು ಸಲ ಹೇಳೋರು ಯಾರಿದಾರೆ? ಅವರ ಮೂರನೇ ಸಾಲು ಯಾವತ್ತಾದ್ರೂ ಕೇಳಿಸ್ಕೊಂಡಿದೀರಾ?