ಹಾಸು ಹೊತ್ತು ಹಂಚಿನ ಮನೆಯೊಳಗೆ

ಚಿತ್ರದುರ್ಗದ ಕೋಟೆಯ ಬುಡದಲ್ಲಿದ್ದ ನಮ್ಮ ಬೀದಿಯಲ್ಲಿ ಕಂಬಳಿ ನೇಯುವವರು, ಗಾರೆ ಕೆಲಸದವರು, ಎಣ್ಣೆ ಮಿಲ್ಲಿಗೆ ಹೋಗುವವರು ಎಲ್ಲ ಇದ್ದೆವು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮಪ್ಪ ಹಾಸು ಹಾಕಿದನೆಂದರೆ ಬೀದಿಯೇ ಬಂದ್. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಮುಂಚೆ ಎರಡು ಕೋಲುಗಳ ನಡುವೆ ಉದ್ದಕ್ಕೆ ಬಿಗಿದ ಉಣ್ಣೆಯ ಎಳೆಗಳು. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಲ್ಲಿ ಒಣಗಿಸಬೇಕು. ಅಲ್ಲಿಯವರೆಗೆ ಸೈಕಲ್ಲಿನವರೂ ಎಮ್ಮೆಗಳೂ ಸುತ್ತಿ ಬಳಸಿಯೇ ಹೋಗಬೇಕಿತ್ತು. ಕಾವಲಿಗೆ ಅವನ ಮಗಳು ನಾನು. ನನ್ನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

ಒಂದು ಬೆಳಿಗ್ಗೆ ಅಪ್ಪ ಗಂಜಿ ಬಳಿದು, ಕಂಬಳಿ ಮಾರಲು ಹಿರಿಯೂರಿನ ಬಸ್ಸು ಹತ್ತಿದ. ಸ್ವಲ್ಪ ಹೊತ್ತಿಗೇ ಕೋಟೆಯ ಮೇಲೆ ಮೋಡ ಕವಿಯಿತು. ಗಂಜಿ ತೊಳೆದುಹೋದರೆ ಎಳೆಗಳು ಮಗ್ಗದಲ್ಲಿ ಪಟಪಟನೆ ಕಡಿದುಹೋಗುತ್ತವೆ. ಅಮ್ಮ ತಿಂಗಳುಗಟ್ಟಲೆ ನೂತದ್ದೆಲ್ಲ ಮಣ್ಣುಪಾಲು. ಗಾರೆಯವರು, ಮಿಲ್ಲಿನವರು ಓಡಿಬಂದು ಸುತ್ತಿಬಿಡೋಣ ಎಂದರು. ಹಸಿ ಹಾಸನ್ನು ಸುತ್ತಿದರೆ ಅಂಟಿಕೊಂಡು ಹಗ್ಗವಾಗುತ್ತದೆಂದು ನಾನು ಅವರ ಕೈ ತಡೆದೆ. ಬಿಗಿ ಬಿಡದೆ ಉದ್ದಕ್ಕೇ ಒಳಗೆ ಒಯ್ಯಬೇಕಿತ್ತು.

ಅಷ್ಟು ಉದ್ದದ ಮನೆ ಇದ್ದದ್ದು ಒಂದೇ, ಎದುರಿನ ಹಂಚಿನ ಮನೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲು ಕಾಣುತ್ತಿತ್ತು. ಅಲ್ಲಿ ಒಬ್ಬರೇ ಇದ್ದ ವಯಸ್ಸಾದ ಅಮ್ಮಾರು ಬಲು ಮಡಿ. ಉಣ್ಣೆಗೆ ಮೈಲಿಗೆ ಇಲ್ಲವೆಂದು ನಮ್ಮ ಕಂಬಳಿ ಹಾಸಿಕೊಂಡು ಅವರು ಪೂಜೆಗೆ ಕೂರುತ್ತಿದ್ದರು. ಅದನ್ನು ನೇಯ್ದ ನಾವು ಮಾತ್ರ ಜಗಲಿ ದಾಟುವಂತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೇಡ ಕಣೇ ಎಂದು ಅಮ್ಮ ನನ್ನ ರಟ್ಟೆ ಹಿಡಿದಳು. ಕೊಸರಿಕೊಂಡು, ಎಲ್ಲರೂ ಹಾಸು ಎತ್ತಿ ಎಂದು ಕೂಗಿದೆ. ಅದನ್ನು ಹೊತ್ತು ಜಗಲಿ ಹತ್ತಿದಾಗ ಅಮ್ಮಾರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಉಣ್ಣೆಗೆ ಮೈಲಿಗಿಲ್ಲ ಅಂತ ನೀವೇ ಅಂತೀರಲ್ಲ ಅಮ್ಮಾರೆ" ಎಂದೆ. "ಉಣ್ಣೆನೇ ಒಳಕ್ಕೆ ಬರ್ತೈತೆ. ನಾವು ಹಿಡ್ಕಂಡಿದೀವಿ ಅಷ್ಟೆ."

ಅವರು ಆಕಾಶ ನೋಡಿದರು, ಹಾಸು ನೋಡಿದರು, ಪಕ್ಕಕ್ಕೆ ಸರಿದರು. ಮುಂದಿನ ಕೋಲು ಅಡುಗೆಮನೆ ತಲುಪುವಷ್ಟರಲ್ಲಿ ಮಳೆ ಧೋ ಎಂದಿತು. ಗಾರೆಯವರು, ಮಿಲ್ಲಿನವರು, ಅಮ್ಮ, ಎಲ್ಲ ಕೈ ಸೋತರೂ ತಲೆ ತಗ್ಗಿಸಿ ಹಿಡಿದು ನಿಂತರು. ನಾನೊಬ್ಬಳೇ ತಲೆಯೆತ್ತಿ ಹಿತ್ತಾಳೆ ಪಾತ್ರೆ, ತೂಗುಮಣೆ, ದೇವರ ಮುಂದಿನ ನಮ್ಮ ಕಂಬಳಿ, ಎಲ್ಲವನ್ನೂ ಕಣ್ತುಂಬ ನೋಡಿದೆ. ಖುಷಿಯೋ ಖುಷಿ.

ಮಳೆ ನಿಂತಿತು, ಗಂಜಿ ಉಳಿಯಿತು. ಹೊರಡುವಾಗ ಅಮ್ಮಾರು ನೆಲದ ಮೇಲಿನ ನಮ್ಮ ಮಣ್ಣಿನ ಹೆಜ್ಜೆಗಳನ್ನು ನೋಡುತ್ತ ನನಗೆ ಹೇಳಿದರು:

"ಮುಂದಿನ ಸಲ ಕಾಲು ತೊಳ್ಕಂಡು ಬಾ."

ಅಮ್ಮ ಅದನ್ನು ಬೈಗುಳವೆಂದೇ ತಿಳಿದು, ಮನೆಗೆ ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ನನ್ನ ಕಿವಿಗೆ ಬಿದ್ದಿದ್ದು ಮುಂದಿನ ಸಲ ಎಂಬುದಷ್ಟೇ. ಮರುದಿನ ಮಳೆಯಿರಲಿಲ್ಲ, ಹೊರಲು ಹಾಸೂ ಇರಲಿಲ್ಲ. ನಾನು ಕಾಲು ತೊಳೆದುಕೊಂಡು ಹೋದೆ.