ಒಂದು ಮಾರು ಕೆಳಗೆ

ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ವಾಸನೆ ಪತ್ರಿಕಾ ಕಚೇರಿಯಲ್ಲಿ ಬರುವಂಥದ್ದಲ್ಲ. ಈ ಡಿಸೆಂಬರಿನ ಒಂದು ಬೆಳಿಗ್ಗೆ ಬಂತು. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ ನಮ್ಮ ಉಪಸಂಪಾದಕಿ ರಜೆ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದರು. “ವಾಸನಿ ಬಡಿತೇನ್ರಿ ಸರ? ನಮ್ಮವ್ವ ಹಚ್ಚದ ಬಿಡಂಗಿಲ್ಲರಿ,” ಎಂದು ನಕ್ಕರು. ನನಗೆ ನೆನಪಾದದ್ದು ಕೊಪ್ಪಳದ ನಮ್ಮ ಓಣಿಯ ಲೈನ್‌ಮನ್ ಕಾಕಾ…

ಕಂಬ ಹತ್ತುವ ಕೆಲಸದಿಂದ ನಿವೃತ್ತರಾಗಿ ಅವರು ನಮ್ಮಿಂದ ಎರಡು ಮನೆ ಆಚೆ ಇದ್ದರು. ಆಗ ನಾನು ವರದಿಗಾರ. ಕುಷ್ಟಗಿಯ ದಾಳಿಂಬೆ ತೋಟಕ್ಕೋ ಸಿದ್ದಾಪುರದ ಕಾಲುವೆಗೋ ಹೋಗಿ, ಕಣ್ಣಾರೆ ನೋಡಿ ಬರೆಯುವುದಷ್ಟೇ ಗೊತ್ತಿದ್ದ ಕೆಲಸ. ಯಲಬುರ್ಗಾ ರಸ್ತೆಯಲ್ಲಿ ಬೈಕ್ ಉರುಳಿ ಬಲಗಾಲು ಮುರಿಯಿತು. ಮೂಳೆ ಕೂಡಿದೆ, ಇನ್ನು ನಡೆಯಿರಿ ಎಂದು ವೈದ್ಯರು ಹೇಳಿದರೂ ಕೋಲು ಬಿಡಲು ಧೈರ್ಯವಾಗಲಿಲ್ಲ. ಸಂಕ್ರಾಂತಿಯೊಳಗೆ ಓಡಾಡುವಂತಾಗದಿದ್ದರೆ ವರದಿಗಾರಿಕೆ ಬೇರೆಯವರಿಗೆ, ನನಗೆ ಮೇಜಿನ ಕೆಲಸ ಎಂದು ಸಂಪಾದಕರು ತಿಳಿಸಿದ್ದರು.

ಒಂದು ಬೆಳಿಗ್ಗೆ ಕಾಕಾ ಎಣ್ಣೆಯ ಬಟ್ಟಲು ಹಿಡಿದು ಬಂದರು. ಕೇಳದೆಯೇ ಮೊಣಕಾಲಿಗೆ ತಿಕ್ಕಿದರು.

“ಏಳೋ ತಮ್ಮಾ, ಗುಡ್ಡಕ್ಕ ಹೋಗೂಣು.”

“ಅಂಗಳ ದಾಟಾಕ ಆಗವಲ್ದು ಕಾಕಾ.”

“ಅಂಗಳದಾಗ ಏನೈತಿ? ಅದ ನಳ, ಅದ ನಿನ್ನ ಹೆಣ್ತಿ ಬೈಗಳ.”

ಓಣಿಯ ಹಿಂದಿನ ಗುಡ್ಡವೆಂದರೆ ಬರೀ ಬಂಡೆ. ತುದಿಯಲ್ಲೊಂದು ಸಣ್ಣ ಗುಡಿ. ಹಾಗಾಗಿ ಚಪ್ಪಲಿ ಬುಡದಲ್ಲೇ ಬಿಡಬೇಕು. ಬಿಸಿಲು ಬರುವ ಮುಂಚೆ ಆ ಕಲ್ಲು ಅಂಗಾಲಿಗೆ ಸೂಜಿ ಚುಚ್ಚಿದಂತಿರುತ್ತಿತ್ತು. ನನ್ನ ಕೋಲನ್ನೂ ಕಾಕಾ ಚಪ್ಪಲಿಯ ಪಕ್ಕದಲ್ಲೇ ಬಿಡಿಸಿದರು. ಕೈ ಊರಿ ಏರಬೇಕು. ಇಳಿಯುವಾಗ ಕಂಬ ಇಳಿದಂತೆ ಬಂಡೆಗೆ ಮುಖ ಮಾಡಿಯೇ ಇಳಿಯಬೇಕು. ಮೊದಲ ದಿನ ನಾಲ್ಕು ಬಂಡೆ ಏರಿದೆ.

ಏರುವಾಗ ಅವರು ಯಾವಾಗಲೂ ಒಂದು ಮಾರು ಹಿಂದೆ ಉಳಿಯುತ್ತಿದ್ದರು. ಇಳಿಯುವಾಗ ಮಾತ್ರ ನನಗಿಂತ ಮೊದಲೇ ಇಳಿಯತೊಡಗುತ್ತಿದ್ದರು. ಮುದುಕರಿಗೆ ಮನೆಯ ಚಹಾದ ಅವಸರ ಎಂದುಕೊಂಡೆ. ಏರುವಾಗ ಹಿಂದೆ ಉಳಿದದ್ದಕ್ಕೆ ಒಂದೆರಡು ಸಲ ಹಂಗಿಸಿದೆ ಕೂಡ.

“ಯಾಕ್ರಿ ಕಾಕಾ, ದಮ್ಮು ಬಂತೇನ್ರಿ?”

“ಹೂಂ ತಮ್ಮಾ, ವಯಸ್ಸಾತಲ್ಲ,” ಎಂದು ಮಫ್ಲರ್ ಬಿಗಿದುಕೊಳ್ಳುತ್ತಿದ್ದರು.

ಮಂಜು ದಟ್ಟವಾಗಿದ್ದ ಒಂದು ದಿನ ಕಲ್ಲು ಒದ್ದೆಯಾಗಿತ್ತು. ಇಳಿಯುವಾಗ ಬಲಗಾಲು ಜಾರಿತು. ಕಾಲಿಗೆ ಬಂಡೆ ಸಿಗಲಿಲ್ಲ. ಅವರ ಹೆಗಲು ಸಿಕ್ಕಿತು. ಅದು ಅಲುಗಲಿಲ್ಲ. ಅವರ ಉಸಿರೂ ಏರಿರಲಿಲ್ಲ.

ಬುಡಕ್ಕೆ ಬಂದ ಮೇಲೆ, ಯಾವಾಗಲೂ ಕೆಳಗೇ ಯಾಕೆ ಇರುತ್ತೀರಿ ಎಂದು ಕೇಳಿದೆ. “ಒಬ್ಬಾವ ಕಂಬ ಹತ್ತಿದ್ರ ಇನ್ನೊಬ್ಬಾವ ಕೆಳಗ ನಿಂದರಬೇಕು. ನಮ್ಮ ಕೆಲಸದ ರಿವಾಜ ಅದು,” ಎಂದರು.

“ಮತ್ತ ದಮ್ಮು ಬಂತು ಅಂತಿದ್ರಿ?”

“ಹಿಡ್ಯಾಕ ನಿಂತೀನಿ ಅಂದಿದ್ರ ನೀ ಹತ್ತತಿದ್ದೇನು? ಕೆಳಗ ನೋಡಕೋಂತ ಕುಂದ್ರತಿದ್ದಿ.”

ಸಂಕ್ರಾಂತಿಗೆ ಮೂರು ದಿನ ಇರುವಾಗ ಗುಡಿಯ ಕಟ್ಟೆ ಮುಟ್ಟಿದೆ. ಕೆಳಗಿಳಿದು ಬಂದಾಗ ಕೋಲು ಇರಲಿಲ್ಲ, ಯಾರೋ ಒಯ್ದಿದ್ದರು. ಹುಡುಕಲಿಲ್ಲ. ಮುಂದಿನ ವಾರ ಹುಲಿಹೈದರಕ್ಕೆ ಹೋಗಿ ಸುದ್ದಿ ಬರೆದೆ. ಅದನ್ನು ಕಾಕಾ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎರಡು ಸಲ ಓದಿದರಂತೆ…

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ದಿನ ನಾನು ಗಂಗಾವತಿಯಲ್ಲಿದ್ದೆ, ಅವರು ಉಳಿಸಿಕೊಟ್ಟ ಕೆಲಸದ ಮೇಲೆಯೇ. ಮರಳುವಷ್ಟರಲ್ಲಿ ಮಣ್ಣಾಗಿತ್ತು. ನಿಮ್ಮಿಂದಲೇ ಮತ್ತೆ ನಡೆದೆ ಎಂದು ಅವರಿಗೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಕಳೆದ ಭಾನುವಾರ, ವೈದ್ಯರು ಒಪ್ಪಿದ ಮೇಲೆ, ಉಪಸಂಪಾದಕಿಯನ್ನು ಅದೇ ಗುಡ್ಡಕ್ಕೆ ಕರೆದೊಯ್ದೆ. ಮೂರನೇ ಬಂಡೆಯ ಮೇಲೆ ನಿಂತು ಅವರು ತಿರುಗಿ ನೋಡಿದರು.

“ಯಾಕ್ರಿ ಸರ, ಹಿಂದ ಉಳದ್ರಲ್ಲ? ದಮ್ಮು ಬಂತೇನ್ರಿ?”

“ಹೂಂನವ್ವ, ವಯಸ್ಸಾತು,” ಎಂದೆ.

ನನ್ನ ಕೆಳಗೆ ಯಾರೂ ಇರಲಿಲ್ಲ. ತಣ್ಣನೆಯ ಕಲ್ಲಿಗೆ ಬಲಗಾಲು ಗಟ್ಟಿಯಾಗಿ ಊರಿ ನಿಂತೆ.