ಮುಚ್ಚಳದ ಮೇಲೆ ಕೂತವಳು

ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನು ನಗುವ ಹೆಂಗಸಿನ ಪಕ್ಕ ಯಾರೂ ಬಂದು ಕೂರುವುದಿಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಎರಡು ಸೀಟು ನನ್ನೊಬ್ಬಳದೇ ಆಗುವ ಗುಟ್ಟು ಇದೇ. ಕೈಯಲ್ಲಿ ಯಾರದಾದರೂ ಬಾಲ್ಯದ ನೆನಪುಗಳ ಪುಸ್ತಕ ಇದ್ದರೆ ಸಾಕು. ಶಾಲೆ ತಪ್ಪಿಸಲು ಹೊಟ್ಟೆನೋವು ಅಂದದ್ದು, ಅಜ್ಜಿ ಅದನ್ನು ನಂಬಿ ಹರಳೆಣ್ಣೆ ಕುಡಿಸಿದ್ದು, ಆಮೇಲೆ ಹೊಟ್ಟೆ ನಿಜವಾಗಿಯೂ ಮಾತು ಕೇಳದೆ ಹೋದದ್ದು, ಇಷ್ಟು ಓದುವ ಹೊತ್ತಿಗೆ ನನ್ನ ಭುಜ ಕುಣಿಯತೊಡಗಿರುತ್ತದೆ. ಕಂಡಕ್ಟರು ಟಿಕೆಟು ಕೊಟ್ಟು, ಚಿಲ್ಲರೆಯನ್ನು ಸ್ವಲ್ಪ ದೂರದಿಂದಲೇ ಚಾಚಿ, ಮುಂದಕ್ಕೆ ಹೋಗುತ್ತಾನೆ.

ನಮ್ಮ ಹಳೆಯ ಲಾಕ್ಷಣಿಕರು ನಗುವಿಗೂ ಮೆಟ್ಟಿಲು ಕಟ್ಟಿದ್ದಾರೆ. ಹಲ್ಲು ಕಾಣದ ಮುಗುಳುನಗೆ ಉತ್ತಮರದು. ಜಾಗವಲ್ಲದ ಜಾಗದಲ್ಲಿ, ಕಣ್ಣಲ್ಲಿ ನೀರು ತಂದುಕೊಂಡು, ತಲೆ ಭುಜ ಅಲುಗಿಸುತ್ತ ನಗುವವರು ಕೆಳಗಿನ ಮೆಟ್ಟಿಲಿನವರು. ನಾನು ಅಲ್ಲಿಯವಳು. ಆ ಮಹನೀಯರು ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ, ಕಿಟಕಿ ಮುಚ್ಚಿಕೊಳ್ಳದ ಬಸ್ಸಿನಲ್ಲಿ ಕೂತು ಮುಗುಳುನಕ್ಕು ತೋರಿಸಲಿ, ಆಮೇಲೆ ಮಾತಾಡೋಣ.

ದೊಡ್ಡ ದೊಡ್ಡವರ ಆತ್ಮಕತೆಗಳು ನನಗೆ ಒಗ್ಗುವುದಿಲ್ಲ. ಅವರು ತೊಟ್ಟಿಲಲ್ಲೇ ಗಂಭೀರರಾಗಿರುತ್ತಾರೆ. ಪಾಪ, ಒಂದು ಸಲವಾದರೂ ಚಡ್ಡಿ ಹರಿದುಕೊಂಡಿರುವುದಿಲ್ಲ. ನನಗೆ ಬೇಕಾದವರು ಮಾವಿನಕಾಯಿ ಕದಿಯಲು ಹೋಗಿ ಗಿಡದ ಮೇಲೇ ಸಿಕ್ಕಿಹಾಕಿಕೊಂಡವರು. ತಾವೇ ಚರಂಡಿಗೆ ಬಿದ್ದು, ಬಿದ್ದಲ್ಲಿಂದಲೇ ‘ಬನ್ನಿ, ನೋಡಿ ಬನ್ನಿ’ ಎಂದು ಕರೆಯುವವರು. ಅಂಥವರನ್ನು ಓದುವಾಗ ಅವರ ಮನೆಯ ಅಡುಗೆಮನೆಯಲ್ಲಿ ಹೋಗಿ ಕೂತಷ್ಟು ಸಲಿಗೆ ಬಂದುಬಿಡುತ್ತದೆ.

ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಕೂಲರಿನ ಮುಂದೆ ನಾನು ಇವನ್ನು ಗಟ್ಟಿಯಾಗಿ ಓದುತ್ತೇನೆ. ಕೇಳುವವಳು ನನ್ನ ಅವ್ವ. ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳುತ್ತಾಳೆ. ಒಂದು ಕಾಲದಲ್ಲಿ ನನಗಿಂತ ಮೊದಲು ನಗುತ್ತಿದ್ದವಳು, ಈಚೆಗೆ ನಗುವ ಬದಲು ವಿಚಾರಣೆ ಶುರುಮಾಡಿದ್ದಳು. ಇವನು ತನ್ನ ಅಕ್ಕನ ಬಗ್ಗೆ ಇಷ್ಟೆಲ್ಲ ಬರೆದನಲ್ಲ, ಅವಳನ್ನು ಒಂದು ಮಾತು ಕೇಳಿದ್ದನೇ? ಪುಸ್ತಕ ಬಂದ ಮೇಲೆ ಆ ಅಕ್ಕ ಇವನ ಮನೆಗೆ ಬಂದಳೇ, ಇಲ್ಲವೇ? ಅದೆಲ್ಲ ಪುಸ್ತಕದಲ್ಲಿ ಇರುವುದಿಲ್ಲ ಎಂದರೆ, ಮತ್ತೇನು ಬರೆದ ಎಂದು ಗೊಣಗುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಆ ಲೇಖಕನ ಅಕ್ಕನ ಬಗ್ಗೆ ಅಲ್ಲ ಎಂದು ನನಗೆ ಗೊತ್ತಿತ್ತು.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಇರುವುದು ಕುರುಗೋಡಿನಲ್ಲಿ. ಅವಳ ಮಗನಿಗೆ ಸಿರುಗುಪ್ಪದಿಂದ ಹೆಣ್ಣು ತಂದರು. ತೆಲುಗು ಮಾತಾಡುವ ಮನೆ, ಬಾಯಿ ತುಂಬ ನಗುವ ಜನ. ನಮ್ಮಲ್ಲಿ ಮದುವೆ ಊಟ ಮುಗಿದ ಮೇಲೆ ಎರಡು ಕಡೆಯ ಹೆಂಗಸರೂ ಎದುರುಬದುರು ಕೂತು ಬೀಗರನ್ನು ಹಾಸ್ಯ ಮಾಡುವ ರೂಢಿ ಇದೆ. ಅವರು ನಮ್ಮನ್ನು ಆಡಿಕೊಳ್ಳಬೇಕು, ನಾವು ಅವರನ್ನು. ನಮ್ಮ ಕಡೆಯ ಬಾಯಿ ಎಂದರೆ ಅವ್ವನೇ. ಅವತ್ತು ಮಾತ್ರ ಏನಾಯಿತೋ, ನಗಿಸುವ ಹುಮ್ಮಸ್ಸಿನಲ್ಲಿ ಪಕ್ಷ ಮರೆತು ನಮ್ಮವಳದೇ, ಅಂದರೆ ವರನ ತಾಯಿ ದೊಡ್ಡವ್ವನದೇ, ಕಥೆ ಎತ್ತಿಬಿಟ್ಟಳು.

ಕಥೆ ಅಕ್ಕತಂಗಿಯರಿಬ್ಬರೂ ಹುಟ್ಟಿ ಬೆಳೆದ ದೇಶನೂರಿನದು. ದೊಡ್ಡವ್ವನನ್ನು ನೋಡಲು ಕುರುಗೋಡಿನಿಂದ ಗಂಡಿನವರು ಬಂದಾಗ ಹುಡುಗಿಯೇ ಇಲ್ಲ. ಬಣವೆ ಹಿಂದೆ ಹುಡುಕಿದರು, ಕಾಲುವೆ ದಂಡೆಗೆ ಓಡಿದರು, ಬಾವಿ ಇಣುಕಿದರು. ಕೊನೆಗೆ ನಡುಮನೆಯ ಖಾಲಿ ಕಣಜದೊಳಗಿಂದ ಒಂದು ಸೀನು ಕೇಳಿಸಿತು. ಸೋದರಮಾವ ಮುಚ್ಚಳ ತೆಗೆದು ಕೈಹಿಡಿದು ಎತ್ತಿದರೆ, ಹುಬ್ಬು ಮೂಗು ಜಡೆಯೆಲ್ಲ ಭತ್ತದ ಹೊಟ್ಟು. ಮುಖ ತೊಳೆಸುವ ಮೊದಲೇ ಗಂಡಿನ ಅಪ್ಪ ಬಾಗಿಲಲ್ಲಿ ನಿಂತಿದ್ದ. ಹುಡುಗಿ ಬೆಳೆ ಹೊತ್ತುಕೊಂಡೇ ಬಂದಳು, ಲಕ್ಷ್ಮಿ ಎಂದರೆ ಇವಳೇ ಎಂದು ಅವನು ಅಲ್ಲೇ ಒಪ್ಪಿಗೆ ಕೊಟ್ಟ.

ಬೀಗರು ಬಿದ್ದು ಬಿದ್ದು ನಕ್ಕರು. ಹೊಸ ಬೀಗಿತ್ತಿಯಂತೂ ದೊಡ್ಡವ್ವನ ಮುಖ ನೋಡಿ ನೋಡಿ ನಕ್ಕಳು. ರೇಷ್ಮೆ ಸೀರೆ ಉಟ್ಟು, ವರನ ತಾಯಿ ಎಂಬ ಗತ್ತಿನಲ್ಲಿ ಕೂತಿದ್ದ ದೊಡ್ಡವ್ವ ಎದ್ದು ಒಳಗೆ ಹೋದಳು. ಅವ್ವ ಆ ಕಥೆಯಲ್ಲಿ ಒಂದು ಸಂಗತಿ ಬಿಟ್ಟಿದ್ದಳು. ಅಕ್ಕನನ್ನು ಕಣಜಕ್ಕೆ ಇಳಿಸಿದವಳು ಅವಳೇ. ಮುಚ್ಚಳದ ಮೇಲೆ ಕಾವಲು ಕೂತು, ಬಂದವರಿಗೆಂದು ಮಾಡಿಟ್ಟ ಒಗ್ಗರಣೆ ಮಂಡಕ್ಕಿ ತಿಂದು, ಅಲ್ಲೇ ನಿದ್ದೆ ಹೋದವಳೂ ಅವಳೇ. ಒಳಗಿನಿಂದ ಅಕ್ಕ ಎಷ್ಟು ಬಡಿದರೂ ಎದ್ದಿರಲಿಲ್ಲ.

ಆಮೇಲೆ ದೊಡ್ಡವ್ವ ಮಾತು ಬಿಟ್ಟಳು. ಅವ್ವ ಫೋನು ಮಾಡಿದರೆ ಸೊಸೆ ಎತ್ತಿ, ಅತ್ತೆ ಮಲಗಿದ್ದಾರೆ ಅನ್ನುತ್ತಿದ್ದಳು. ಹಗಲೆಲ್ಲ ಮಲಗುವ ಹೆಂಗಸೇ ಅಲ್ಲ ಅವಳು. ಸಂಕ್ರಾಂತಿಗೆ ಕುರುಗೋಡಿನಿಂದ ತಪ್ಪದೆ ಬರುತ್ತಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟೂ ಬರಲಿಲ್ಲ. ನಾನು ಪೇಟೆಯಿಂದ ತಂದುಕೊಟ್ಟೆ. ಅವ್ವ ಒಂದು ತುಂಡು ಮುರಿದು ಬಾಯಿಗಿಟ್ಟು, ಇದರಲ್ಲಿ ರುಚಿಯೇ ಇಲ್ಲ ಎಂದು ತಟ್ಟೆ ಸರಿಸಿದಳು. ಅವಳ ಬಾಲ್ಯವನ್ನು ಕಂಡವರು ಉಳಿದಿರುವುದು ಆ ಅಕ್ಕ ಒಬ್ಬಳೇ. ಅವಳೂ ಮಾತು ಬಿಟ್ಟರೆ ದೇಶನೂರಿನ ಕಥೆ ಯಾರ ಜೊತೆ ಆಡುವುದು? ಅವ್ವನನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಈಚೆಗೆ ದೊಡ್ಡವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದರು, ಸಿರುಗುಪ್ಪದ ಅದೇ ಬೀಗರ ಮನೆಯಲ್ಲಿ. ಅಕ್ಕತಂಗಿಯರಿಬ್ಬರೂ ಒಂದೇ ಪಡಸಾಲೆಯ ಆ ತುದಿ ಈ ತುದಿಯಲ್ಲಿ ಕೂತರು. ಹೆಸರಿಟ್ಟು, ಊಟ ಮುಗಿದು, ಎಲೆಅಡಿಕೆ ತಟ್ಟೆ ಬಂದಾಗ ಬೀಗಿತ್ತಿಗೆ ಹಳೆಯ ಕಥೆ ನೆನಪಾಗಿ, ಅದನ್ನು ಇನ್ನೊಮ್ಮೆ ಹೇಳಿರೆಂದು ಅವ್ವನನ್ನು ಹಿಡಿದಳು. ನಾನು ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು: ಅಕ್ಕನನ್ನು ನೋಡಲು ಗಂಡಿನವರು ಬಂದಿದ್ದರು, ತಾನು ಇನ್ನೂ ಸಣ್ಣವಳು, ಅಂಜಿ ಹೋಗಿ ಕಣಜದೊಳಗೆ ಬಚ್ಚಿಟ್ಟುಕೊಂಡೆ, ಅಕ್ಕ ಮೇಲೆ ಮುಚ್ಚಳ ಹಾಕಿ ಕೂತು ಮಂಡಕ್ಕಿ ತಿಂದಳು, ತನ್ನ ಮೂಗಿಗೆ ಹೊಟ್ಟು ಹೋಗಿ ಸೀನು ಬಂತು…

ಆ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು. ದೊಡ್ಡವ್ವ ಒಂದು ಗಳಿಗೆ ತಡೆದುಕೊಂಡಳು. ಇನ್ನೊಂದು ಗಳಿಗೆ ಆಗಲಿಲ್ಲ.

“ಲೇ, ಕಣಜದಾಗ ಇದ್ದಾಕಿ ನಾನು. ಮೂಗಿನಾಗ ಹೊಟ್ಟು ಹೋಗಿದ್ದು ನನಗ. ಮುಚ್ಚಳದ ಮ್ಯಾಲ ಕುಂತು ಮಂಡಕ್ಕಿ ತಿಂದು ಮಕ್ಕೊಂಡಾಕಿ ನೀನು!”

“ಹೌದೇನಬೇ ಅಕ್ಕ? ನನಗ ಹಂಗ ನೆಪ್ಪಿಲ್ಲ ನೋಡು,” ಎಂದಳು ಅವ್ವ.

ಇನ್ನು ಕೇಳಬೇಕೆ? ದೊಡ್ಡವ್ವ ಎದ್ದು ಬಂದು ತಂಗಿಯ ಮುಂದೆಯೇ ಕೂತಳು. ಕಣಜ ಎಷ್ಟು ಎತ್ತರ ಇತ್ತು, ಒಳಗೆ ಎಷ್ಟು ಕತ್ತಲು, ತಾನು ಹೇಗೆ ಬಡಿದೆ, ಇವಳು ಹೇಗೆ ಗೊರಕೆ ಹೊಡೆದಳು ಎಂದು ಕೈಯಾಡಿಸಿ ಆಡಿಸಿ ಹೇಳಿದಳು. ಬಾಗಿಲಲ್ಲಿ ನಿಂತ ಮಾವನ ಮಾತನ್ನಂತೂ ಅವನ ದನಿಯಲ್ಲೇ ಆಡಿ ತೋರಿಸಿದಳು. ಯಾವ ಹೊಟ್ಟಿನ ಮುಖಕ್ಕಾಗಿ ಮಾತು ಬಿಟ್ಟಿದ್ದಳೋ ಅದು ತನ್ನದೇ ಎಂದು ಬೀಗರ ನಡುವೆ ಜಗಳ ಆಡಿ ಗೆದ್ದುಕೊಂಡಳು. ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತ, ದೊಡ್ಡವ್ವನನ್ನು ತನ್ನ ತೆಲುಗಿನಲ್ಲಿ ‘ವದಿನಾ’, ಅತ್ತಿಗೆ, ಎಂದು ಕರೆದು, ಇದನ್ನು ಅವತ್ತೇ ನೀವೇ ಹೇಳಬಾರದಿತ್ತೇ ಎಂದಳು.

ಸಂಜೆ ಹೊರಡುವಾಗ ದೊಡ್ಡವ್ವ ಕುರುಗೋಡಿಗೆ ಹೋಗುವ ಬದಲು ನಮ್ಮ ಜೊತೆ ಬಳ್ಳಾರಿಗೆ ಬರುತ್ತೇನೆಂದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಹೂವು ಕೊಳ್ಳಲು ಅತ್ತ ಹೋದಾಗ ನಾನು ಅವ್ವನನ್ನು ಹಿಡಿದೆ. ನಿಜವಾಗಿ ಮರೆತಿದ್ದೆಯೋ, ಬೇಕೆಂದೇ ತಪ್ಪು ಹೇಳಿದೆಯೋ?

ಅವ್ವ ಬಸ್ಸು ಬರುವ ದಾರಿಯನ್ನೇ ನೋಡುತ್ತ ಅಂದಳು: “ಖರೇ ಹೇಳಿದ್ರ ಆಕಿ ಮತ್ತ ಎದ್ದು ಹೋಗ್ತಿದ್ಲು. ತಪ್ಪು ಹೇಳಿದ್ರ ಸುಮ್ನ ಕುಂದ್ರಾಕ ಆಕಿ ಕೈಲೆ ಆಗಂಗಿಲ್ಲ. ನಿನ್ನ ಪುಸ್ತಕದಾಗ ಎಲ್ಲಾ ಸರಿಯಾಗೇ ಬರ್ದಿರ್ತಾರ. ಹಂಗಾದ್ರ ಪಾಪ, ಅವರನ್ನ ಬೈದು ತಿದ್ದಾಕ ಯಾವ ಅಕ್ಕ ಬರ್ತಾಳ?”

ಬಸ್ಸು ಬಂತು. ಅಭ್ಯಾಸಬಲದಿಂದ ಕಿಟಕಿ ಪಕ್ಕ ಕೂತು ಪುಸ್ತಕ ತೆಗೆದೆ. ದೊಡ್ಡವ್ವ ಮಲ್ಲಿಗೆ ಮುಡಿದು ಹತ್ತಿಬಂದು, ನನ್ನನ್ನು ಎಬ್ಬಿಸಿ, ತಂಗಿಯನ್ನು ಕರೆದು ಆ ಎರಡು ಸೀಟೂ ಹಿಡಿದಳು. ತೆಕ್ಕಲಕೋಟೆ ಬರುವಷ್ಟರಲ್ಲಿ ಕಣಜ ಮುಗಿದು ಕಾಲುವೆಯಲ್ಲಿ ತೇಲಿಹೋದ ಲಂಗದ ಕಥೆಗೆ ಬಂದಿದ್ದರು. ಲಂಗ ಯಾರದು ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಇಬ್ಬರ ಭುಜವೂ ಕುಣಿಯುತ್ತಿತ್ತು. ಕಂಡಕ್ಟರು ಟಿಕೆಟನ್ನು ದೂರದಿಂದಲೇ ಚಾಚಿದ. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ, ಅವರ ಪಕ್ಕದ ಕಂಬಿ ಹಿಡಿದುಕೊಂಡು, ಬಳ್ಳಾರಿಯವರೆಗೂ ನಿಂತೇ ಕೇಳಿದೆ.